ಸ್ಕ್ರಾಲ್ ಲಾಕ್ ದೀಪ ಮತ್ತೆ ಹತ್ತುವವರೆಗೆ

ತಾಲ್ಲೂಕು ಕಚೇರಿಯ ಪಕ್ಕ ನಮ್ಮದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇದೆ. ಕ್ರಯಪತ್ರ, ವಿಭಾಗಪತ್ರ, ಅರ್ಜಿ, ಅಫಿಡವಿಟ್ ಇವೇ ಜಾಸ್ತಿ. 14 ವರ್ಷದಿಂದ ವಿಂಡೋಸ್ ಮೇಲೆ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶ ಹಾಕಿಕೊಂಡು ಟೈಪ್ ಮಾಡುತ್ತಾ ಬಂದವನು ನಾನು. ಈ ದೀಪಾವಳಿಗೆ ಅಂಗಡಿಯ ಒಂದು ಕಂಪ್ಯೂಟರನ್ನು ವಿಂಡೋಸ್ ಬಿಡಿಸಿ, ಅದರ ಜಾಗಕ್ಕೆ ಬರುವ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್ ಮಿಂಟ್‌ಗೆ ಬದಲಾಯಿಸಿದೆ. ಪ್ರಿಂಟರ್ ತಾನಾಗಿ ಬಂತು, ಸ್ಕ್ಯಾನರ್ ಬಂತು, ಇಂಟರ್ನೆಟ್ ಬಂತು. ಬಾರದೆ ಹೋದದ್ದು ಒಂದೇ.

ನುಡಿಯಲ್ಲಿ ಸ್ಕ್ರಾಲ್ ಲಾಕ್ ಕೀ ಒತ್ತಿದರೆ ಕನ್ನಡ. ಮತ್ತೆ ಒತ್ತಿದರೆ ಇಂಗ್ಲಿಷ್. ಕನ್ನಡ ಇರುವಷ್ಟು ಹೊತ್ತೂ ಕೀಬೋರ್ಡಿನ ಬಲ ಮೂಲೆಯಲ್ಲಿ ಒಂದು ಹಸಿರು ದೀಪ ಹತ್ತಿರುತ್ತಿತ್ತು. ಅಷ್ಟೇ. ಇದನ್ನು ವಾಪಸ್ ತರಲು ನನಗೆ ನಾಲ್ಕು ವಾರ ಹಿಡಿಯಿತು. ನನ್ನ ಹಾಗೆ ನುಡಿಯಿಂದ ಹೊರಟವರು ಇನ್ನೂ ಇರುತ್ತಾರೆ. ಅವರಿಗೆ ನಾಲ್ಕು ವಾರ ಆಗದಿರಲಿ ಅಂತ ಏನೇನು ಮಾಡಿದೆ, ಎಲ್ಲೆಲ್ಲಿ ತಪ್ಪಿದೆ ಎಲ್ಲವನ್ನೂ ತಾರೀಖಿನ ಪ್ರಕಾರ ಬರೆದಿಟ್ಟಿದ್ದೇನೆ.

ಒಂದು ದೀಪಕ್ಕೆ ಇಷ್ಟೊಂದು ಯಾಕೆ ಅಂತ ನನ್ನ ಅಕ್ಕನ ಮಗನೂ ಕೇಳಿದ. ಅವನು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ, ಈ ಕೆಲಸದುದ್ದಕ್ಕೂ ಫೋನಿನಲ್ಲಿ ಜೊತೆಗಿದ್ದ. "ಮಾವ, ಪರದೆಯ ಕೆಳಗಡೆ ಮೂಲೆಯಲ್ಲಿ ಯಾವ ಭಾಷೆ ಅಂತ ಬರೆದಿರುತ್ತಲ್ಲ, ಅದು ಸಾಲದಾ?" ಅಂದ. ಸಾಲದು. ಬೇರೆಯವರ ಬರಹ ನೋಡಿ ಟೈಪ್ ಮಾಡುವವರ ಕಣ್ಣು ಪರದೆಯ ಮೇಲೆ ಇರುವುದಿಲ್ಲ. ಎಡಗಡೆ ಇಟ್ಟ ಕಾಗದದ ಮೇಲೆ ಇರುತ್ತದೆ. ಸರ್ವೆ ನಂಬರ್, ಎಕರೆ-ಗುಂಟೆ, ಚಕ್ಕುಬಂದಿ, ಆಧಾರ್ ನಂಬರ್, ಪ್ಯಾನ್ ನಂಬರ್ ಎಲ್ಲ ಕಾಗದದಲ್ಲೇ ಇದೆ. ನಡುನಡುವೆ ಪ್ಯಾನ್ ನಂಬರಿಗೆ ಇಂಗ್ಲಿಷ್‌ಗೆ ಹೋಗಬೇಕು, ಮತ್ತೆ ಕನ್ನಡಕ್ಕೆ ಬರಬೇಕು. ಕಾಗದ ನೋಡುತ್ತಿದ್ದರೂ ಕಣ್ಣಂಚಿಗೆ ದೀಪ ಕಾಣುತ್ತದೆ. ಪರದೆಯ ಮೂಲೆಯ ಎರಡು ಅಕ್ಷರ ಕಾಣುವುದಿಲ್ಲ.

ಅಕ್ಟೋಬರ್ 12, ಭಾನುವಾರ: ಹೊರಡುವ ಮೊದಲು

ಬದಲಾವಣೆಗೆ ಕಾರಣ ನೇರ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ವಿಂಡೋಸ್ 11ಕ್ಕೆ ಇಂಟೆಲ್ 8ನೇ ಪೀಳಿಗೆಯಿಂದ ಮೇಲಿನ ಪ್ರೊಸೆಸರ್ ಬೇಕು. ನಮ್ಮದು 6ನೇ ಪೀಳಿಗೆಯ ಐ3, 8 ಜಿಬಿ ರ‍್ಯಾಮ್. ಗಟ್ಟಿಯಾಗಿ ನಡೆಯುತ್ತಿರುವ ಪೆಟ್ಟಿಗೆಯನ್ನು ಎಸೆಯಲು ಮನಸ್ಸಾಗಲಿಲ್ಲ.

ಅವತ್ತು ಮಾಡಿದ್ದು ಮೂರು ಕೆಲಸ. ಒಂದು, ಎಲ್ಲ ಕಡತಗಳ ಪ್ರತಿ ಹೊರಗಿನ ಹಾರ್ಡ್ ಡಿಸ್ಕಿಗೆ. ಎರಡು, ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳೆಲ್ಲದರ ಪ್ರತಿ. ಮೂರು, ಒಂದು ಅಳತೆ. ಒಂದು ಪುಟದ ಕ್ರಯಪತ್ರವನ್ನು ನುಡಿಯಲ್ಲಿ ಟೈಪ್ ಮಾಡಿ ಮೊಬೈಲಿನಲ್ಲಿ ಸಮಯ ನೋಡಿದೆ. 11 ನಿಮಿಷ. ಈ ಮೂರನೆಯದನ್ನು ಎಲ್ಲರೂ ಮಾಡಿ ಅಂತ ಒತ್ತಿ ಹೇಳುತ್ತೇನೆ. ಹೊಸದಕ್ಕೆ ಹೋದ ಮೇಲೆ "ಮೊದಲಿನ ಹಾಗೆ ಆಗ್ತಿಲ್ಲ" ಅನ್ನಿಸುತ್ತದಲ್ಲ, ಅದು ಎಷ್ಟು ನಿಜ ಅಂತ ಅಳೆಯಲು ಬೇರೆ ದಾರಿ ಇಲ್ಲ.

ಅಕ್ಟೋಬರ್ 19, ಭಾನುವಾರ: ಮಿಂಟ್ ಹಾಕಿದ್ದು

ಹಬ್ಬಕ್ಕೆ ಮೂರು ದಿನ ಅಂಗಡಿ ಮುಚ್ಚುವುದಿತ್ತು, ಅದಕ್ಕೇ ಈ ದಿನ ಹಿಡಿದೆ. ಹಳೆಯ ಹಾರ್ಡ್ ಡಿಸ್ಕನ್ನು ಅಳಿಸಲಿಲ್ಲ. ಅದನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ. ಹೊಸ 240 ಜಿಬಿ ಎಸ್‌ಎಸ್‌ಡಿ ತಂದು ಅದೇ ಸಾಟಾ ಕೇಬಲಿಗೆ ಸಿಕ್ಕಿಸಿದೆ. 1,750 ರೂಪಾಯಿ. 16 ಜಿಬಿ ಪೆನ್ ಡ್ರೈವ್ 320 ರೂಪಾಯಿ. ಲಿನಕ್ಸ್ ಮಿಂಟ್ 22.2ರ ಸಿನಮನ್ ಆವೃತ್ತಿ ಇಳಿಸಿಕೊಂಡೆ, ಸುಮಾರು 3 ಜಿಬಿ. ಇದಕ್ಕೆ 2029ರವರೆಗೆ ಬೆಂಬಲ ಇದೆ. ರೂಫಸ್‌ನಿಂದ ಪೆನ್ ಡ್ರೈವಿಗೆ ಬರೆದು, ಅದರಿಂದ ಕಂಪ್ಯೂಟರ್ ಶುರು ಮಾಡಿ ಹಾಕಿದೆ. ಅರ್ಧ ಗಂಟೆಯೊಳಗೆ ಮುಗಿಯಿತು. ಇದರ ಬಗ್ಗೆ ಇನ್ನು ಬರೆಯುವಂಥದ್ದು ಇಲ್ಲ.

ಅಕ್ಟೋಬರ್ 20: ಸತ್ತ ಕೀ

ನರಕ ಚತುರ್ದಶಿ. ಎಣ್ಣೆ ಸ್ನಾನ ಮುಗಿಸಿ, ತಿಂಡಿ ತಿಂದು ಅಂಗಡಿಗೆ ಬಂದೆ. ಕಾಗದಪತ್ರ ಟೈಪ್ ಮಾಡುವ ಲಿಬ್ರೆಆಫೀಸ್ ರೈಟರ್ ತೆರೆದೆ. ಕೈ ತಾನಾಗಿ ಸ್ಕ್ರಾಲ್ ಲಾಕ್‌ಗೆ ಹೋಯಿತು. ಒತ್ತಿದೆ. ದೀಪ ಹತ್ತಲಿಲ್ಲ. ಭಾಷೆ ಬದಲಾಗುವುದಂತೂ ದೂರ.

ಇಲ್ಲಿ ಮೊದಲನೇ ತಪ್ಪು ಮಾಡಿದೆ. ನಂಬರ್ ಲಾಕ್ ದೀಪ ಹತ್ತುತ್ತಿತ್ತು, ಕ್ಯಾಪ್ಸ್ ಲಾಕ್ ದೀಪವೂ ಹತ್ತುತ್ತಿತ್ತು, ಸ್ಕ್ರಾಲ್ ಲಾಕ್ ಮಾತ್ರ ಇಲ್ಲ. ನನ್ನದು ಹಳೆಯ ಟಿವಿಎಸ್ ಗೋಲ್ಡ್ ಕೀಬೋರ್ಡ್, 11 ವರ್ಷದ್ದು. ದೀಪ ಹೋಗಿರಬೇಕು ಅಂದುಕೊಂಡೆ. ತೆರೆದಿದ್ದ ಒಂದು ಅಂಗಡಿಗೆ ಹೋಗಿ 649 ರೂಪಾಯಿ ಕೊಟ್ಟು ಹೊಸ ಕೀಬೋರ್ಡ್ ತಂದೆ. ಮನೆಗೆ ಬಂದು ಬಿಚ್ಚಿ ನೋಡಿದರೆ ಅದರಲ್ಲಿ ಸ್ಕ್ರಾಲ್ ಲಾಕ್ ದೀಪವೇ ಇಲ್ಲ. ಈಗಿನ ಎಷ್ಟೋ ಕೀಬೋರ್ಡುಗಳಲ್ಲಿ ಇರುವುದಿಲ್ಲ. ಕೊಳ್ಳುವಾಗ ನೋಡಲೇ ಇಲ್ಲ ನಾನು. 649 ರೂಪಾಯಿ ದಂಡ.

ಹಳೆಯದು ಸರಿಯಾಗಿಯೇ ಇತ್ತು ಅಂತ ಗೊತ್ತಾದದ್ದು ಮರುದಿನ. ಲಿನಕ್ಸ್‌ನಲ್ಲಿ ಸ್ಕ್ರಾಲ್ ಲಾಕ್ ಕೀಗೆ ಯಾವ ಕೆಲಸವನ್ನೂ ಹಚ್ಚಿರುವುದಿಲ್ಲ, ಹಾಗಾಗಿ ದೀಪವೂ ಸುಮ್ನೆ ಇರುತ್ತದೆ. ನೀವು ಬದಲಾಯಿಸುವವರಿದ್ದರೆ ಕೀಬೋರ್ಡ್ ಮೇಲೆ ಅನುಮಾನ ಪಡಬೇಡಿ.

ಅಕ್ಟೋಬರ್ 21: ದೀಪ ಬಂತು, ಸ್ವರ ಹೋಯಿತು

ಅಳಿಯ ಫೋನಿನಲ್ಲಿ ಹೇಳಿದ ಹಾಗೆ ಮಾಡಿದೆ. ಸಿಸ್ಟಮ್ ಸೆಟ್ಟಿಂಗ್ಸ್, ಅದರಲ್ಲಿ ಕೀಬೋರ್ಡ್, ಅದರಲ್ಲಿ ಲೇಔಟ್ಸ್. ಲೇಔಟ್ ಅಂದರೆ ಯಾವ ಕೀಗೆ ಯಾವ ಅಕ್ಷರ ಅನ್ನುವ ಜೋಡಣೆ. ಅಲ್ಲಿ ಕನ್ನಡದ ಕೆಳಗೆ 'ಕಗಪ, ಫೊನೆಟಿಕ್' ಅನ್ನುವ ಲೇಔಟ್ ಇದೆ. ನಮ್ಮ ನುಡಿ ಕೀಲಿಮಣೆಯೇ ಅದು, ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಸೇರಿಸಿಕೊಂಡೆ. ಪಕ್ಕದ ಆಪ್ಷನ್ಸ್ ಗುಂಡಿ ಒತ್ತಿದರೆ ಉದ್ದನೆಯ ಪಟ್ಟಿ ಬರುತ್ತದೆ. ಅದರಲ್ಲಿ ಬೇರೆ ಲೇಔಟಿಗೆ ಹೋಗುವ ಕೀ ಯಾವುದು ಅನ್ನುವ ಕಡೆ ಸ್ಕ್ರಾಲ್ ಲಾಕ್‌ಗೆ ಗುರುತು ಹಾಕಿದೆ. ಎರಡನೇ ಲೇಔಟ್ ಇದೆ ಅಂತ ತೋರಿಸಲು ಯಾವ ದೀಪ ಅನ್ನುವ ಕಡೆಯೂ ಸ್ಕ್ರಾಲ್ ಲಾಕ್‌ಗೇ ಗುರುತು.

ಹಳೆಯ ಕೀಬೋರ್ಡ್ ಸಿಕ್ಕಿಸಿ ಒತ್ತಿದೆ. ಹಸಿರು ದೀಪ ಹತ್ತಿತು! ಮತ್ತೆ ಒತ್ತಿದೆ, ಆರಿತು. ಹೆಂಡತಿಯನ್ನು ಕರೆದು ತೋರಿಸಿದೆ. ಅವಳೂ ಅಂಗಡಿಯಲ್ಲಿ ಟೈಪ್ ಮಾಡುತ್ತಾಳೆ, ನನಗಿಂತ ವೇಗ ಜಾಸ್ತಿ. ಅವಳು ಕೂತು ಎರಡು ಸಾಲು ಹೊಡೆದಳು. ಹೊಡೆದು, "ರೀ, ಇದು ನಮ್ಮ ನುಡಿ ಅಲ್ಲ" ಅಂದಳು.

ಅವಳು ಹೇಳಿದ್ದು ಸರಿ. ನುಡಿಯಲ್ಲಿ ಕೆ ಒತ್ತಿ ಐ ಒತ್ತಿದರೆ 'ಕಿ' ಬರುತ್ತದೆ. ಅದೇ ಐ ಕೀಯನ್ನು ಪದದ ಶುರುವಿನಲ್ಲಿ ಒತ್ತಿದರೆ 'ಇ' ಬರುತ್ತದೆ. ಹಿಂದೆ ವ್ಯಂಜನ ಇದೆಯೋ ಇಲ್ಲವೋ ನೋಡಿಕೊಂಡು ಅದೇ ತೀರ್ಮಾನ ಮಾಡುತ್ತದೆ. ಈ ಹೊಸ ಲೇಔಟಿಗೆ ಆ ಯೋಚನೆ ಇಲ್ಲ. ಐ ಒತ್ತಿದರೆ ಯಾವಾಗಲೂ ಗುಣಿತದ ಚಿಹ್ನೆಯೇ. ಪದದ ಶುರುವಿನಲ್ಲಿ ಒತ್ತಿದರೆ ಚುಕ್ಕಿ ಚುಕ್ಕಿ ವೃತ್ತದ ಮೇಲೆ ಗುಡಿಸು ಕೂತಿರುತ್ತದೆ. 'ಇ' ಬೇಕಾದರೆ ಬಲಗಡೆಯ ಆಲ್ಟ್ ಕೀ ಹಿಡಿದು ಐ ಒತ್ತಬೇಕು.

ಕ್ರಯಪತ್ರದಲ್ಲಿ ಸ್ವರದಿಂದ ಶುರುವಾಗುವ ಪದ ಎಷ್ಟು ಅಂತ ಅವತ್ತಿನವರೆಗೆ ಯೋಚಿಸಿರಲಿಲ್ಲ. ಈ ಕೆಳಕಂಡ, ಇವರು, ಆಸ್ತಿ, ಎಕರೆ, ಉತ್ತರಕ್ಕೆ, ಎಂದು, ಒಪ್ಪಿ, ಅನುಭವ, ಇತ್ಯಾದಿ. ಒಂದು ಪುಟದಲ್ಲಿ ಎಣಿಸಿದೆ, 61 ಪದ. 61 ಸಲ ಆಲ್ಟ್ ಹಿಡಿಯಬೇಕು. 14 ವರ್ಷದ ಕೈಗೆ ಇದನ್ನು ಹೊಸದಾಗಿ ಕಲಿಸಲು ಆಗುವುದಿಲ್ಲ ಅಂತಲ್ಲ. ಆದರೆ ಆ ಕಲಿಯುವ ತಿಂಗಳಲ್ಲಿ ಎಷ್ಟು ದಾಖಲೆಯಲ್ಲಿ ತಪ್ಪು ಉಳಿಯುತ್ತದೆ? ಬೇರೆಯವರ ಜಮೀನಿನ ಕಾಗದ ಅದು.

ಅಕ್ಟೋಬರ್ 22: ನುಡಿಯನ್ನೇ ತರುವ ಪ್ರಯತ್ನ

ಬಲಿಪಾಡ್ಯಮಿ. ವೈನ್ ಅಂತ ಒಂದು ತಂತ್ರಾಂಶ ಇದೆ, ವಿಂಡೋಸಿನ ಪ್ರೋಗ್ರಾಂಗಳನ್ನು ಲಿನಕ್ಸ್ ಮೇಲೆ ಓಡಿಸುತ್ತದೆ. ಅದರಲ್ಲಿ ನುಡಿ ಹಾಕಿ ನೋಡಿದೆ. ನುಡಿಯ ಕಿಟಕಿ ಬಂತು. ಆದರೆ ಲಿಬ್ರೆಆಫೀಸ್‌ಗೆ ಹೋಗಿ ಕೀ ಒತ್ತಿದರೆ ಇಂಗ್ಲಿಷೇ. ವೈನ್ ಒಳಗೆ ಓಡುವ ಪ್ರೋಗ್ರಾಂ ವೈನ್ ಒಳಗಿನ ಕಿಟಕಿಗಳ ಕೀಗಳನ್ನು ಮಾತ್ರ ಹಿಡಿಯಬಲ್ಲದು, ಹೊರಗಿನದಕ್ಕೆ ಅದರ ಕೈ ತಲುಪುವುದಿಲ್ಲ. ಮೂರು ಗಂಟೆ ಹೋಯಿತು. ತೆಗೆದುಹಾಕಿದೆ. ಈ ದಾರಿಗೆ ಹೋಗಬೇಡಿ.

ಅಕ್ಟೋಬರ್ 24, ಶುಕ್ರವಾರ: ಸ್ವರ ಬಂತು, ದೀಪ ಹೋಯಿತು

ಅಂಗಡಿ ತೆರೆದಾಗಿತ್ತು. ಜನ ಕಾಯುತ್ತಿದ್ದರು. ಹೆಂಡತಿ ಇನ್ನೊಂದು ಕಂಪ್ಯೂಟರಿನಲ್ಲಿ ನುಡಿಯಲ್ಲೇ ಕೆಲಸ ಸಾಗಿಸುತ್ತಿದ್ದಳು. ಸಂಜೆ 6ರ ಮೇಲೆ ನಾನು ಮತ್ತೆ ಕೂತೆ.

ಐಬಸ್ ಅಂತ ಒಂದು ವ್ಯವಸ್ಥೆ ಇದೆ. ಕೀ ಒತ್ತಿದ್ದಕ್ಕೂ ಅಕ್ಷರ ಮೂಡುವುದಕ್ಕೂ ನಡುವೆ ಕೂತು ಕೆಲಸ ಮಾಡುತ್ತದೆ. ಅದಕ್ಕೆ ಎಂ17ಎನ್ ಅನ್ನುವ ಭಾಗ ಸೇರಿಸಿದರೆ ಭಾರತದ ಭಾಷೆಗಳ ಕೀಲಿಮಣೆಗಳೆಲ್ಲ ಬರುತ್ತವೆ. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಐಬಸ್, ಐಬಸ್-ಎಂ17ಎನ್ ಎರಡನ್ನೂ ಹಾಕಿದೆ. ಆಮೇಲೆ 'ಇನ್‌ಪುಟ್ ಮೆಥಡ್' ಕಿಟಕಿಯಲ್ಲಿ ಐಬಸ್ ಆರಿಸಿ, ಲಾಗೌಟ್ ಆಗಿ ಮತ್ತೆ ಬಂದೆ. ಈ ಲಾಗೌಟ್ ಬಿಟ್ಟರೆ ಏನೂ ಆಗುವುದಿಲ್ಲ. ನಾನು ಬಿಟ್ಟು 20 ನಿಮಿಷ ಕಳೆದುಕೊಂಡೆ.

ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ ಅಂತ ಇದೆ, ಅದೂ ಕಗಪ ವಿನ್ಯಾಸವೇ. ಸೇರಿಸಿದೆ. 21ರಂದು ಹಾಕಿದ ಕಗಪ ಲೇಔಟನ್ನೂ ಅದರ ಎರಡು ಗುರುತುಗಳನ್ನೂ ತೆಗೆದೆ. ಟೈಪ್ ಮಾಡಿದೆ. ಪದದ ಶುರುವಿನಲ್ಲಿ ಐ ಒತ್ತಿದೆ, 'ಇ' ಬಂತು. ಕೆ, ಐ ಒತ್ತಿದೆ, 'ಕಿ' ಬಂತು. ಪಿ, ಶಿಫ್ಟ್-ಯು, ಆರ್, ಎಫ್, ವಿ ಹೊಡೆದೆ, 'ಪೂರ್ವ' ಬಂತು, ಅರ್ಕಾವೊತ್ತು ಅದರ ಜಾಗದಲ್ಲೇ ಕೂತಿತು. ಎರಡು ದಿನದ ಮೇಲೆ ಕೈಗೆ ತನ್ನ ಮನೆ ಸಿಕ್ಕಿದ ಹಾಗಾಯಿತು.

ಎರಡು ಸಂಗತಿ ಮಾತ್ರ ಹೊಸದು. ಟೈಪ್ ಮಾಡುತ್ತಿರುವ ಅಕ್ಷರದ ಕೆಳಗೆ ಗೆರೆ ಬರುತ್ತದೆ, ಮುಂದಿನ ಅಕ್ಷರ ಶುರುವಾದಾಗ ಹೋಗುತ್ತದೆ. ಇದು ಅಭ್ಯಾಸವಾಯಿತು. ಇನ್ನೊಂದು ಗಮನಿಸಬೇಕಾದದ್ದು: ಗೆರೆ ಇರುವಾಗಲೇ ಮೌಸಿನಿಂದ ಬೇರೆ ಕಡೆ ಕ್ಲಿಕ್ ಮಾಡಿದರೆ ಆ ಕೊನೆಯ ಅಕ್ಷರ ಮಾಯವಾಗುತ್ತದೆ. ಮೊದಲ ದಿನ ಒಬ್ಬರ ತಂದೆಯ ಹೆಸರಿನ ಕೊನೆಯ 'ಪ್ಪ' ಹೀಗೆ ಹೋಗಿತ್ತು. ಪ್ರಿಂಟ್ ತೆಗೆದ ಮೇಲೆ ಓದಿ ನೋಡಿದ್ದರಿಂದ ಸಿಕ್ಕಿತು. ಕ್ಲಿಕ್ ಮಾಡುವ ಮುಂಚೆ ಒಂದು ಸ್ಪೇಸ್ ಅಥವಾ ಬಾಣದ ಕೀ ಒತ್ತಬೇಕು. ಇಬ್ಬರೂ ಈಗ ಹಾಗೇ ಮಾಡುತ್ತೇವೆ.

ಮತ್ತೆ ಅದೇ ಪುಟದ ಅಳತೆ: 19 ನಿಮಿಷ. ತಡವಾದದ್ದು ಎಲ್ಲಿ ಅಂತ ನೋಡಿದೆ. ಅಕ್ಷರದಲ್ಲಲ್ಲ, ಭಾಷೆ ಬದಲಾಯಿಸುವಲ್ಲಿ. ಐಬಸ್‌ನಲ್ಲಿ ಅದಕ್ಕೆ ಸೂಪರ್ ಕೀ (ವಿಂಡೋಸ್ ಗುರುತು ಇರುವ ಕೀ) ಮತ್ತು ಸ್ಪೇಸ್ ಒಟ್ಟಿಗೆ ಒತ್ತಬೇಕು. ಅದನ್ನು ಸ್ಕ್ರಾಲ್ ಲಾಕ್‌ಗೆ ಬದಲಾಯಿಸಬಹುದು, ಬದಲಾಯಿಸಿದೆ. ಆದರೆ ದೀಪ ಇಲ್ಲ. ಈಗ ಯಾವ ಭಾಷೆಯಲ್ಲಿದ್ದೇನೆ ಅಂತ ತಿಳಿಯದೆ ಪ್ಯಾನ್ ನಂಬರನ್ನು ಕನ್ನಡದಲ್ಲಿ ಹೊಡೆದೆ, ಅಳಿಸಿದೆ. ಚಕ್ಕುಬಂದಿಯ ಒಂದಿಡೀ ಸಾಲು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದೆ, ಅಳಿಸಿದೆ. ಪ್ರತಿ ಸಲ ತಲೆ ಎತ್ತಿ ಪರದೆ ನೋಡು, ಮತ್ತೆ ಕಾಗದದಲ್ಲಿ ಸಾಲು ಹುಡುಕು.

ಒಂದು ದಾರಿಯಲ್ಲಿ ದೀಪ ಇದೆ, ಸ್ವರ ಇಲ್ಲ. ಇನ್ನೊಂದರಲ್ಲಿ ಸ್ವರ ಇದೆ, ದೀಪ ಇಲ್ಲ. ಎರಡನ್ನೂ ನಾನೇ ಜೋಡಿಸಬೇಕು ಅಂತ ಅವತ್ತು ರಾತ್ರಿ ಗೊತ್ತಾಯಿತು.

ಅಕ್ಟೋಬರ್ 26, ಭಾನುವಾರ: ದೀಪವನ್ನು ಕೈಯಿಂದ ಹಚ್ಚುವುದು

ಲಿನಕ್ಸ್‌ನಲ್ಲಿ ಕೀಬೋರ್ಡಿನ ಒಂದೊಂದು ದೀಪಕ್ಕೂ ಒಂದೊಂದು ಕಡತ ಇರುತ್ತದೆ. ಅದರಲ್ಲಿ 1 ಬರೆದರೆ ದೀಪ ಹತ್ತುತ್ತದೆ, 0 ಬರೆದರೆ ಆರುತ್ತದೆ. ಅಳಿಯ ಇದನ್ನು ಹೇಳಿದಾಗ ಇಷ್ಟು ಸುಲಭವಾ ಅನ್ನಿಸಿತು. ಬರೆದೆ, ಹತ್ತಿತು. ಆದರೆ ಎರಡು ತೊಂದರೆ. ಆ ಕಡತಕ್ಕೆ ಬರೆಯಲು ಪ್ರತಿ ಸಲ ಪಾಸ್‌ವರ್ಡ್ ಬೇಕು. ಇನ್ನೊಂದು, ಕಡತದ ಹೆಸರಿನಲ್ಲಿ ಒಂದು ಸಂಖ್ಯೆ ಇದೆ, ಕೀಬೋರ್ಡ್ ಬಿಚ್ಚಿ ಮತ್ತೆ ಸಿಕ್ಕಿಸಿದರೆ ಆ ಸಂಖ್ಯೆ ಬದಲಾಗುತ್ತದೆ. ಬೆಳಗ್ಗೆ 4 ಇದ್ದದ್ದು ಸಂಜೆ 17 ಆಗಿತ್ತು. ಕೈಬಿಟ್ಟೆ.

ಕೆಲಸ ಮಾಡಿದ್ದು ಎಕ್ಸ್‌ಸೆಟ್ ಅನ್ನುವ ಸಣ್ಣ ಆಜ್ಞೆ. ಮಿಂಟ್‌ನಲ್ಲಿ ಮೊದಲೇ ಇರುತ್ತದೆ. ಅದಕ್ಕೆ ದೀಪದ ಹೆಸರು 'ಸ್ಕ್ರಾಲ್ ಲಾಕ್' ಅಂತ ಹೇಳಿ ಹಚ್ಚು ಅಂದರೆ ಹಚ್ಚುತ್ತದೆ, ಆರಿಸು ಅಂದರೆ ಆರಿಸುತ್ತದೆ. ಪಾಸ್‌ವರ್ಡ್ ಬೇಡ, ಸಂಖ್ಯೆ ಬೇಡ. ದೀಪದ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು, ಯಾಕೆಂದರೆ ಎರಡು ಪದಗಳ ನಡುವೆ ಜಾಗ ಇದೆ. ಲಿನಕ್ಸ್ ಪರದೆಯ ಮೇಲೆ ಕಿಟಕಿಗಳನ್ನು ತೋರಿಸಲು ಎಕ್ಸ್11, ವೇಲ್ಯಾಂಡ್ ಅಂತ ಎರಡು ವ್ಯವಸ್ಥೆ ಇವೆ. ಇದು ಎಕ್ಸ್11 ಮೇಲೆ ಮಾತ್ರ ನಡೆಯುತ್ತದೆ, ವೇಲ್ಯಾಂಡ್ ಮೇಲೆ ನಡೆಯುವುದಿಲ್ಲ. ಮಿಂಟ್ ಸಿನಮನ್ ಸಾಮಾನ್ಯವಾಗಿ ಎಕ್ಸ್11ರಲ್ಲೇ ಶುರುವಾಗುತ್ತದೆ, ಹಾಗಾಗಿ ನನಗೆ ಸರಿಹೋಯಿತು.

ನವೆಂಬರ್ 1, ಶನಿವಾರ: ಸ್ಕ್ರಿಪ್ಟ್

ರಾಜ್ಯೋತ್ಸವ. ಬೆಳಗ್ಗೆ ಬಾವುಟ ಹಾರಿಸಿ ಬಂದು ಮಧ್ಯಾಹ್ನದಿಂದ ಕೂತೆ. ಮಾಡಬೇಕಾದ್ದು ಒಂದು ಪುಟ್ಟ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಕಡತ, 8 ಸಾಲಿನದು. ಅದು ಮಾಡುವ ಕೆಲಸ ಇಷ್ಟು: ಈಗ ಯಾವ ಕೀಲಿಮಣೆ ಇದೆ ಅಂತ ಐಬಸ್‌ಗೆ ಕೇಳುತ್ತದೆ. ಐಬಸ್‌ನ 'ಎಂಜಿನ್' ಅನ್ನುವ ಆಜ್ಞೆಗೆ ಏನೂ ಸೇರಿಸದೆ ಕೊಟ್ಟರೆ ಈಗಿನದನ್ನು ಹೇಳುತ್ತದೆ, ಹೆಸರು ಸೇರಿಸಿ ಕೊಟ್ಟರೆ ಅದಕ್ಕೆ ಬದಲಾಗುತ್ತದೆ. ಕನ್ನಡ ಅನ್ನುವ ಉತ್ತರ ಬಂದರೆ ಇಂಗ್ಲಿಷ್‌ಗೆ ಬದಲಿಸಿ ದೀಪ ಆರಿಸು. ಇಲ್ಲದಿದ್ದರೆ ಕನ್ನಡಕ್ಕೆ ಬದಲಿಸಿ ದೀಪ ಹಚ್ಚು.

ಸ್ಕ್ರಿಪ್ಟನ್ನು ನನ್ನ ಹೋಮ್ ಫೋಲ್ಡರಿನಲ್ಲಿಟ್ಟು, ಕಡತದ ಪ್ರಾಪರ್ಟೀಸ್‌ಗೆ ಹೋಗಿ ಅದನ್ನು ಓಡಿಸಲು ಅನುಮತಿ ಕೊಟ್ಟೆ. ಕೀಬೋರ್ಡ್ ಸೆಟ್ಟಿಂಗ್ಸ್‌ನ ಶಾರ್ಟ್‌ಕಟ್ಸ್ ಭಾಗದಲ್ಲಿ ಕಸ್ಟಮ್ ಶಾರ್ಟ್‌ಕಟ್ ಮಾಡಿ, ಅದಕ್ಕೆ ಸ್ಕ್ರಾಲ್ ಲಾಕ್ ಕೀ ಹಚ್ಚಿದೆ.

ಒತ್ತಿದೆ. ಕನ್ನಡ ಬಂತು. ದೀಪ ಒಂದು ಸಲ ಮಿನುಗಿ ಆರಿಹೋಯಿತು.

ಇದನ್ನು ಹುಡುಕಲು ರಾತ್ರಿ 9ರವರೆಗೆ ಹಿಡಿಯಿತು. ಸ್ಕ್ರಿಪ್ಟಿನಲ್ಲಿ ನಾನು ಮೊದಲು ದೀಪ ಹಚ್ಚಿ, ಆಮೇಲೆ ಕೀಲಿಮಣೆ ಬದಲಿಸಿದ್ದೆ. ಕೀಲಿಮಣೆ ಬದಲಿಸುವಾಗ ಐಬಸ್ ಇಡೀ ಕೀಬೋರ್ಡಿನ ನಕ್ಷೆಯನ್ನು ಹೊಸದಾಗಿ ಹಾಕುತ್ತದೆ, ಅದರ ಜೊತೆ ದೀಪವೂ ಆರುತ್ತದೆ. ಎರಡು ತಿದ್ದುಪಡಿ ಮಾಡಿದೆ. ಸಾಲುಗಳನ್ನು ಅದಲುಬದಲು ಮಾಡಿ, ನಡುವೆ 0.2 ಸೆಕೆಂಡ್ ಕಾಯುವ ಸಾಲು ಸೇರಿಸಿದೆ. ಐಬಸ್‌ನ ಅಡ್ವಾನ್ಸ್ಡ್ ಪುಟದಲ್ಲಿ 'ಸಿಸ್ಟಮ್ ಕೀಬೋರ್ಡ್ ಲೇಔಟ್ ಬಳಸು' ಅನ್ನುವುದಕ್ಕೆ ಗುರುತು ಹಾಕಿದೆ. 0.1 ಸೆಕೆಂಡ್ ಇಟ್ಟಾಗ ಹತ್ತು ಸಲಕ್ಕೆ ಒಂದೆರಡು ಸಲ ದೀಪ ತಪ್ಪುತ್ತಿತ್ತು. 0.2ಕ್ಕೆ ತಪ್ಪಲಿಲ್ಲ.

ಇನ್ನೊಂದು ನನ್ನ ಮರೆವು. 24ರಂದು ಐಬಸ್ ಒಳಗೂ ಸ್ಕ್ರಾಲ್ ಲಾಕ್ ಹಚ್ಚಿದ್ದೆನಲ್ಲ, ಅದನ್ನು ತೆಗೆದಿರಲಿಲ್ಲ. ಒಂದೇ ಕೀಗೆ ಇಬ್ಬರು ಯಜಮಾನರು. ಕೆಲವು ಸಲ ಒತ್ತಿದರೆ ಎರಡು ಸಲ ಬದಲಾಗಿ ಇದ್ದಲ್ಲೇ ಇರುತ್ತಿತ್ತು. ಅದನ್ನು ಹಳೆಯ ಸೂಪರ್-ಸ್ಪೇಸ್‌ಗೆ ವಾಪಸ್ ಹಾಕಿದೆ.

9 ಗಂಟೆ 10 ನಿಮಿಷಕ್ಕೆ ಒತ್ತಿದೆ. ದೀಪ ಹತ್ತಿತು, ಹತ್ತಿಯೇ ಇತ್ತು. 'ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ರಸ್ತೆ' ಅಂತ ಹೊಡೆದೆ. ಸರಿಯಾಗಿ ಬಂತು.

ನವೆಂಬರ್ 3, ಸೋಮವಾರ: ದೀಪ ಸುಳ್ಳು ಹೇಳಿದ್ದು

ಹೆಂಡತಿಯನ್ನು ಹೊಸ ಕಂಪ್ಯೂಟರಿನಲ್ಲಿ ಕೂರಿಸಿದೆ. ಅರ್ಧ ಗಂಟೆ ಚೆನ್ನಾಗಿ ನಡೆಯಿತು. ಆಮೇಲೆ ಕರೆದಳು: "ರೀ, ದೀಪ ಹತ್ತಿದೆ, ಆದ್ರೆ ಇಂಗ್ಲಿಷ್ ಬರ್ತಿದೆ."

ದೀಪ ಇಲ್ಲದಿರುವುದಕ್ಕಿಂತ ದೀಪ ತಪ್ಪು ಹೇಳುವುದು ಕೆಟ್ಟದ್ದು. ಇಲ್ಲದಿದ್ದರೆ ಪರದೆಯನ್ನಾದರೂ ನೋಡುತ್ತೇವೆ. ಇದ್ದರೆ ನಂಬಿ ಹೊಡೆಯುತ್ತೇವೆ. ಕಾಯುತ್ತಿದ್ದವರ ಕೆಲಸವನ್ನು ತಕ್ಷಣ ಹಳೆಯ ಕಂಪ್ಯೂಟರಿಗೆ ವರ್ಗಾಯಿಸಿದೆ.

ಯಾವಾಗ ಹೀಗಾಗುತ್ತದೆ ಅಂತ ಅವಳೇ ಕಂಡುಹಿಡಿದಳು. ರೈಟರ್‌ನಿಂದ ಬ್ರೌಸರ್‌ಗೆ ಹೋಗಿ ವಾಪಸ್ ಬಂದಾಗ. ಕಾರಣ ನಾನೇ. 26ರಂದು ಐಬಸ್ ಸೆಟ್ಟಿಂಗ್ಸ್ ನೋಡುವಾಗ, ಎಲ್ಲ ಪ್ರೋಗ್ರಾಂಗಳಿಗೂ ಒಂದೇ ಕೀಲಿಮಣೆ ಹಂಚು ಅನ್ನುವ ಗುರುತನ್ನು ತೆಗೆದಿದ್ದೆ. ರೈಟರ್‌ನಲ್ಲಿ ಕನ್ನಡ, ಬ್ರೌಸರ್‌ನಲ್ಲಿ ಇಂಗ್ಲಿಷ್ ತಾನಾಗಿ ಇದ್ದರೆ ಅನುಕೂಲ ಅಂದುಕೊಂಡು. ಕಿಟಕಿಗೊಂದು ಭಾಷೆ, ಆದರೆ ದೀಪ ಒಂದೇ. ಕಿಟಕಿ ಬದಲಾದದ್ದು ದೀಪಕ್ಕೆ ಹೇಗೆ ಗೊತ್ತಾಗಬೇಕು? ಗುರುತು ಮತ್ತೆ ಹಾಕಿದೆ. ಎಲ್ಲ ಕಡೆ ಒಂದೇ ಭಾಷೆ, ಎಲ್ಲ ಕಡೆ ದೀಪ ಸರಿ. ಕಿಟಕಿ ಬದಲಿಸುತ್ತಾ 50 ಸಲ ಒತ್ತಿ ನೋಡಿದೆವು, ಅವಳು ಒತ್ತಿದಳು, ನಾನು ಬರೆದುಕೊಂಡೆ. 50ಕ್ಕೆ 50 ಸರಿ.

ಶುರುವಾಗುವ ಹೊತ್ತಿನದು ಇನ್ನೊಂದಿತ್ತು. ಸಂಜೆ ಕನ್ನಡದಲ್ಲಿರುವಾಗಲೇ ಮುಚ್ಚಿದರೆ, ಬೆಳಗ್ಗೆ ತೆರೆದಾಗ ಐಬಸ್ ಕನ್ನಡದಲ್ಲೇ ಏಳುತ್ತದೆ, ದೀಪ ಮಾತ್ರ ಆರಿರುತ್ತದೆ. ಸ್ಟಾರ್ಟಪ್ ಅಪ್ಲಿಕೇಷನ್ಸ್‌ನಲ್ಲಿ ಎರಡು ಸಾಲಿನ ಇನ್ನೊಂದು ಸ್ಕ್ರಿಪ್ಟ್ ಇಟ್ಟೆ: ಇಂಗ್ಲಿಷ್‌ಗೆ ಹೋಗು, ದೀಪ ಆರಿಸು. 10 ಸೆಕೆಂಡ್ ತಡ ಕೊಟ್ಟೆ, ಇಲ್ಲದಿದ್ದರೆ ಐಬಸ್ ಇನ್ನೂ ಎದ್ದಿರುವುದಿಲ್ಲ.

ನವೆಂಬರ್ 9, ಭಾನುವಾರ: ಕೀಲಿಮಣೆ ಕಡತಕ್ಕೆ ಎರಡು ಸಾಲು

ದೀಪದ ಕೆಲಸ ಮುಗಿದ ಮೇಲೆ ಉಳಿದದ್ದು ಹೆಸರುಗಳ ಸಮಸ್ಯೆ. ದಾಖಲೆಯಲ್ಲಿ 'ಶಿವ್‌ರಾಜ್' ಅಂತ ಬೇಕಾದ ಕಡೆ 'ಶಿವ್ರಾಜ್' ಅಂತ ಒತ್ತಕ್ಷರವಾಗಿ ಬರಬಾರದು. 'ರ‍್ಯಾಂಕ್' ಬೇಕಾದ ಕಡೆ 'ರ್ಯಾಂಕ್' ಬರಬಾರದು. ಮೊದಲನೆಯದಕ್ಕೆ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಬಿಡಿಸುವ ಗುರುತು ಸೇರಬೇಕು. ಎರಡನೆಯದಕ್ಕೆ ರ ಮತ್ತು ವಿರಾಮದ (ಅರ್ಧಾಕ್ಷರ ಮಾಡುವ ಚಿಹ್ನೆಯ) ನಡುವೆ ಕಾಣದ ಜೋಡಿಸುವ ಗುರುತು ಸೇರಬೇಕು. ಇವೆರಡೂ ಕೈಗೆ ಸುಲಭವಾಗಿ ಸಿಗುವ ಒಂದೇ ಕೀಯಲ್ಲಿ ಇರಲಿ ಅಂತ ನನ್ನ ಆಸೆ. 1 ಅಂಕಿಯ ಎಡಗಡೆಯ ಕೀಯನ್ನು ನಾನು ಯಾವುದಕ್ಕೂ ಬಳಸುತ್ತಿರಲಿಲ್ಲ. ಅದನ್ನೇ ಹಿಡಿದೆ.

ಎಂ17ಎನ್‌ನ ಒಂದು ಒಳ್ಳೆಯತನ ಏನೆಂದರೆ ಅದರ ಪ್ರತಿ ಕೀಲಿಮಣೆಯೂ ಒಂದು ಸಾದಾ ಪಠ್ಯ ಕಡತ. ತೆರೆದು ಓದಬಹುದು. ಆವರಣ, ಅದರೊಳಗೆ ಕೀ, ಪಕ್ಕದಲ್ಲಿ ಬರಬೇಕಾದ ಅಕ್ಷರ. ಕನ್ನಡ ಕೆಜಿಪಿ ಕಡತದ ಪ್ರತಿ ತೆಗೆದು ಹೋಮ್ ಫೋಲ್ಡರಿನ ಎಂ17ಎನ್ ಅಡಗು ಫೋಲ್ಡರಿನಲ್ಲಿಟ್ಟೆ. ಒಳಗಿನ ಹೆಸರನ್ನೂ ಬದಲಾಯಿಸಿದೆ, ಮೂಲದ ಜೊತೆ ಗೊಂದಲ ಬೇಡ ಅಂತ. ಎರಡು ಸಾಲು ಸೇರಿಸಿದೆ: ಆ ಕೀ ಒಂದೇ ಒತ್ತಿದರೆ ಬಿಡಿಸುವ ಗುರುತು, ಶಿಫ್ಟ್ ಜೊತೆ ಒತ್ತಿದರೆ ಜೋಡಿಸುವ ಗುರುತು ಮತ್ತು ವಿರಾಮ. ಐಬಸ್ ಮತ್ತೆ ಶುರು ಮಾಡಿದೆ.

ಪಟ್ಟಿಯಲ್ಲಿ ನನ್ನ ಕೀಲಿಮಣೆಯೇ ಇಲ್ಲ. ಒಂದು ಗಂಟೆ ಫೋಲ್ಡರಿನ ಹೆಸರು, ಕಡತದ ಹೆಸರು, ಅನುಮತಿ ಎಲ್ಲ ನೋಡಿದೆ. ಕೊನೆಗೆ ಸಿಕ್ಕಿದ್ದು ನಾನು ಸೇರಿಸಿದ ಎರಡನೇ ಸಾಲಿನ ಕೊನೆಯಲ್ಲಿ ಒಂದು ಆವರಣ ಮುಚ್ಚಿಲ್ಲದ್ದು. ಒಂದು ಚಿಹ್ನೆ ತಪ್ಪಿದರೂ ಇಡೀ ಕಡತವನ್ನು ಬಿಟ್ಟುಬಿಡುತ್ತದೆ, ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಮುಚ್ಚಿದೆ, ಬಂತು. ಎರಡೂ ಸ್ಕ್ರಿಪ್ಟುಗಳಲ್ಲಿ ಕೀಲಿಮಣೆಯ ಹೊಸ ಹೆಸರು ಹಾಕಬೇಕಾಗಿದ್ದು ಮೊದಲನೆಯದರಲ್ಲಿ ಮಾತ್ರ, ಎರಡನೆಯದು ಬರೀ ಇಂಗ್ಲಿಷಿನದು.

ಹಳೆಯ ಕಡತಗಳು

ಇದನ್ನು ಬೇಗ ಹೇಳುತ್ತೇನೆ. ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸಿದ್ದು) ಹೊಡೆದ ಕಡತ ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಅಕ್ಟೋಬರ್ 12ರಂದು ತೆಗೆದಿಟ್ಟ ಫಾಂಟುಗಳನ್ನು ಹೊಸ ಕಂಪ್ಯೂಟರಿನಲ್ಲಿ ಹಾಕಿದ ಮೇಲೆ ಓದಲು, ಪ್ರಿಂಟ್ ತೆಗೆಯಲು ಅಡ್ಡಿ ಇಲ್ಲ. ಆದರೆ ಆ ಕಡತದ ಒಳಗೇ ಹೊಸ ಸಾಲು ಹೊಡೆದರೆ ಅದು ಯೂನಿಕೋಡ್ (ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತ ಇರುವುದು), ಉಳಿದದ್ದು ಆಸ್ಕಿ, ಎರಡೂ ಬೆರೆಯುತ್ತವೆ. ಪ್ರಿಂಟಿನಲ್ಲಿ ಚೆನ್ನಾಗೇ ಕಾಣುತ್ತದೆ, ಹುಡುಕಲು ಹೋದಾಗ ಅರ್ಧ ಸಿಗುವುದಿಲ್ಲ. ಹಾಗಾಗಿ ದಿನವೂ ಬೇಕಾಗುವ 14 ನಮೂನೆಗಳನ್ನು ಮೊದಲಿನಿಂದ ಯೂನಿಕೋಡ್‌ನಲ್ಲಿ ಹೊಡೆದೆವು. ಹೊಸ ದೀಪಕ್ಕೆ ಅದೇ ಅಭ್ಯಾಸವೂ ಆಯಿತು.

ನವೆಂಬರ್ 16, ಭಾನುವಾರ: ಕೊನೆಯ ಅಳತೆ

ಅದೇ ಒಂದು ಪುಟದ ಕ್ರಯಪತ್ರ. ನನಗೆ 12 ನಿಮಿಷ. ನುಡಿಯಲ್ಲಿ 11 ಇತ್ತು. ಆ ಒಂದು ನಿಮಿಷ ಕ್ಲಿಕ್ ಮಾಡುವ ಮುಂಚೆ ಸ್ಪೇಸ್ ಒತ್ತುವುದರಲ್ಲಿ ಮತ್ತು ಗೆರೆ ನೋಡಿ ನಿಲ್ಲುವುದರಲ್ಲಿ ಹೋಗುತ್ತಿದೆ ಅಂತ ನನ್ನ ಅಂದಾಜು. ಹೆಂಡತಿಗೆ 9 ನಿಮಿಷ.

ಖರ್ಚು: ಎಸ್‌ಎಸ್‌ಡಿ 1,750, ಪೆನ್ ಡ್ರೈವ್ 320, ಬೇಡದ ಕೀಬೋರ್ಡ್ 649. ಒಟ್ಟು 2,719 ರೂಪಾಯಿ. ಕೀಬೋರ್ಡ್ ತಪ್ಪು ಮಾಡದಿದ್ದರೆ 2,070ಕ್ಕೆ ಆಗುತ್ತಿತ್ತು.

ಇನ್ನೂ ಸರಿಯಾಗದ್ದು ಒಂದಿದೆ. ಕಂಪ್ಯೂಟರ್ ನಿದ್ದೆಗೆ ಹೋಗಿ ಎದ್ದಾಗ ಭಾಷೆ ಕನ್ನಡದಲ್ಲೇ ಇರುತ್ತದೆ, ದೀಪ ಆರಿರುತ್ತದೆ. ಎರಡು ಸಲ ಸ್ಕ್ರಾಲ್ ಲಾಕ್ ಒತ್ತಿದರೆ ಹೊಂದಿಕೊಳ್ಳುತ್ತದೆ. ಸದ್ಯಕ್ಕೆ ನಿದ್ದೆಗೆ ಹೋಗುವುದನ್ನೇ ಪವರ್ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿದ್ದೇನೆ, ಪರದೆ ಮಾತ್ರ 10 ನಿಮಿಷಕ್ಕೆ ಆರುತ್ತದೆ. ಎದ್ದಾಗ ತಾನಾಗಿ ಓಡುವ ಸ್ಕ್ರಿಪ್ಟ್ ಹಾಕಬಹುದು ಅಂತ ಅಳಿಯ ಹೇಳಿದ್ದಾನೆ, ಸಂಕ್ರಾಂತಿಗೆ ಬಂದಾಗ ಇಬ್ಬರೂ ಕೂತು ಮಾಡಬೇಕು.

ಎರಡು ಸ್ಕ್ರಿಪ್ಟ್, ಕೀಲಿಮಣೆ ಕಡತ, ನುಡಿ ಫಾಂಟುಗಳು ಇಷ್ಟನ್ನೂ ಅದೇ 16 ಜಿಬಿ ಪೆನ್ ಡ್ರೈವಿಗೆ ಹಾಕಿ, ಮೇಲೆ 'ದೀಪ' ಅಂತ ಚೀಟಿ ಅಂಟಿಸಿ ಗಲ್ಲಾಪೆಟ್ಟಿಗೆಯಲ್ಲಿಟ್ಟಿದ್ದೇನೆ. ಮುಂದಿನ ಭಾನುವಾರ ಹೆಂಡತಿಯ ಕಂಪ್ಯೂಟರಿನ ಸರದಿ. ಅವಳ ಕೀಬೋರ್ಡಿನಲ್ಲಿ ಮೂರು ದೀಪ ಇದೆ, ನೋಡಿದ್ದೇನೆ.